ಸೆರೆಮನೆಯ ಬೇಸಗೆ: ಟೆಕ್ಸಸ್ ಕಾರಾಗೃಹಗಳಲ್ಲಿ ಉಷ್ಣದಿಂದಾದ ಮರಣಗಳು ಮತ್ತು ಅವುಗಳ ಗಣನೆ

ಸೆರೆಮನೆಯ ಉಷ್ಣದಿಂದ ಸಂಭವಿಸಿದ ಮರಣಗಳೆಂದೊಡನೆ ಭಾರತದ ಇತಿಹಾಸವನ್ನು ಓದಿದವರಿಗೆ ನೆನಪಾಗುವುದು 1756ನೆಯ ಇಸವಿ ಜೂನ್ 20ರ ರಾತ್ರಿ ಕಲ್ಕತ್ತೆಯಲ್ಲಿ ನಡೆಯಿತೆನ್ನಲಾದ ‘ಕಪ್ಪು ಕೋಣೆ’ಯ ಪ್ರಕರಣ. ಸುಮಾರು 18 ಅಡಿ ಉದ್ದ, 14 ಅಡಿ ಅಗಲದ ಕೊಠಡಿಯೊಂದರಲ್ಲಿ 146 ಮಂದಿಯನ್ನು ಕೂಡಿಹಾಕಲಾಯಿತೆಂದೂ, ಬೆಳಗಾಗುವ ವೇಳೆಗೆ 23 ಮಂದಿ ಮಾತ್ರ ಜೀವದಿಂದಿದ್ದರೆಂದೂ ಹಾಲ್‌ವೆಲ್ ಬರೆದಿಟ್ಟನು. ಅನಂತರದ ವಿದ್ವಾಂಸರು ಈ ಸಂಖ್ಯೆಯನ್ನು ಒಪ್ಪಲಿಲ್ಲ. 1959ರಲ್ಲಿ ಬ್ರಿಜೇನ್ ಗುಪ್ತರು ಆಧಾರಗಳನ್ನು ಪರಿಶೀಲಿಸಿ, ಒಳಗಿದ್ದವರು ಸುಮಾರು 64 ಮಂದಿ ಇದ್ದಿರಬೇಕೆಂದು ತೀರ್ಮಾನಿಸಿದರು. ಹಾಲ್‌ವೆಲ್ಲನ ಲೆಕ್ಕ ಉತ್ಪ್ರೇಕ್ಷೆಯಾಗಿದ್ದರೂ ಸಾಮ್ರಾಜ್ಯಕ್ಕೆ ಅದು ಪ್ರಯೋಜನಕಾರಿಯಾಗಿತ್ತು. ಆದುದರಿಂದಲೇ ಅದು ತಲೆಮಾರುಗಳವರೆಗೆ ಪಾಠಪುಸ್ತಕಗಳಲ್ಲಿ ನೆಲೆಸಿತು.

ಇದಕ್ಕೆ ತದ್ವಿರುದ್ಧವಾದ ಸಂಗತಿಯೊಂದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಯಾರ ಪ್ರಯೋಜನಕ್ಕೂ ಬಾರದ ಸಾವುಗಳು ದಾಖಲೆಯಿಂದ ಹೇಗೆ ಜಾರಿಹೋಗುತ್ತವೆ, ಅವನ್ನು ಮರಳಿ ಲೆಕ್ಕಕ್ಕೆ ತರುವ ಬಗೆ ಯಾವುದು ಎಂಬ ಪ್ರಶ್ನೆಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ಟೆಕ್ಸಸ್ಸಿನ ಕಾರಾಗೃಹಗಳ ಚರಿತ್ರೆ ಸ್ಪಷ್ಟವಾದ ಉದಾಹರಣೆಯನ್ನು ಒದಗಿಸುತ್ತದೆ.

ಟೆಕ್ಸಸ್ಸಿನ ಬೇಸಗೆ ನಮ್ಮ ರಾಯಚೂರು, ಕಲಬುರಗಿ ಪ್ರಾಂತಗಳ ಜನರಿಗೆ ಅಪರಿಚಿತವಾದುದೇನಲ್ಲ. 2011ರ ಬೇಸಗೆಯಲ್ಲಿ ಡಲ್ಲಾಸ್ ಪ್ರದೇಶದಲ್ಲಿ 71 ದಿನಗಳ ಕಾಲ ಉಷ್ಣಮಾನ 100 ಡಿಗ್ರಿ ಫ್ಯಾರನ್‌ಹೀಟನ್ನು, ಎಂದರೆ ಸುಮಾರು 38 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿತು ಅಥವಾ ದಾಟಿತು. ಆದರೆ ರಾಯಚೂರಿನ ರೈತನು ಮಧ್ಯಾಹ್ನ ಬೇವಿನ ನೆರಳನ್ನು ಸೇರಬಲ್ಲನು. ರಾತ್ರಿ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗಬಲ್ಲನು. ಬಿಸಿಲಿನಿಂದ ತಪ್ಪಿಸಿಕೊಳ್ಳುವ ಈ ಸಹಜ ಸ್ವಾತಂತ್ರ್ಯವೇ ಸೆರೆಯಾಳಿಗೆ ಇಲ್ಲದಿರುವುದು. ಕಾಂಕ್ರೀಟು, ಕಬ್ಬಿಣಗಳ ಕಟ್ಟಡ ಹಗಲೆಲ್ಲ ಕಾವನ್ನು ಹೀರಿ ರಾತ್ರಿ ಅದನ್ನು ಒಳಕ್ಕೆ ಬಿಡುತ್ತದೆ. ಹೀಗಾಗಿ ದೇಹ ಚೇತರಿಸಿಕೊಳ್ಳಬೇಕಾದ ಹೊತ್ತಿನಲ್ಲಿಯೂ ಅದಕ್ಕೆ ಬಿಡುವಿಲ್ಲ.

ಈ ಉಷ್ಣವನ್ನು ಕೇವಲ ಪ್ರಕೃತಿಯ ಕಾರ್ಯವೆಂದು ತಿಳಿಯುವುದು ಚರಿತ್ರೆಯ ದೃಷ್ಟಿಯಿಂದ ಸರಿಯಲ್ಲ. ಟೆಕ್ಸಸ್ಸಿನ ಮೊದಲ ಕಾರಾಗೃಹ 1849ರಲ್ಲಿ ಹಂಟ್ಸ್‌ವಿಲ್ ಎಂಬಲ್ಲಿ ಪ್ರಾರಂಭವಾಯಿತು. 1865ರ ಹದಿಮೂರನೆಯ ಸಂವಿಧಾನ ತಿದ್ದುಪಡಿ ಗುಲಾಮಗಿರಿಯನ್ನು ರದ್ದುಮಾಡಿದರೂ, ಅಪರಾಧಕ್ಕೆ ಶಿಕ್ಷೆಯಾಗಿ ವಿಧಿಸಿದ ಬಲವಂತದ ದುಡಿಮೆಯನ್ನು ಅದರಿಂದ ಹೊರಗಿಟ್ಟಿತು. ಈ ಎಡೆಯಲ್ಲಿಯೇ ಕೈದಿಗಳನ್ನು ಗುತ್ತಿಗೆಗೆ ಕೊಡುವ ಪದ್ಧತಿ ಬೆಳೆಯಿತು. 1878ರಿಂದ 1883ರವರೆಗೆ ರಾಜ್ಯದ ಕೈದಿಗಳನ್ನೆಲ್ಲ ಕನ್ನಿಂಗ್‌ಹ್ಯಾಮ್ ಮತ್ತು ಎಲ್ಲಿಸ್ ಎಂಬ ಇಬ್ಬರು ತೋಟಗಾರರು ಗುತ್ತಿಗೆಗೆ ಪಡೆದು, ಹ್ಯೂಸ್ಟನ್ನಿನ ಸಮೀಪದ ಶುಗರ್ ಲ್ಯಾಂಡಿನ ಕಬ್ಬಿನ ಗದ್ದೆಗಳಲ್ಲಿಯೂ ಇತರ ಕಡೆಗಳಲ್ಲಿಯೂ ದುಡಿಸಿದರು. ಈ ಪದ್ಧತಿಗೆ 1910ರ ಶಾಸನ ಅಂತ್ಯ ಹಾಡಿತು. 2018ರಲ್ಲಿ ಅಲ್ಲಿ ಶಾಲೆಯ ಕಟ್ಟಡಕ್ಕೆಂದು ನೆಲವನ್ನು ಅಗೆದಾಗ 95 ಮಂದಿಯ ಅಸ್ಥಿಗಳು ದೊರೆತವು. ಗುರುತಿನ ಕಲ್ಲಿಲ್ಲದೆ ಹೂಳಲ್ಪಟ್ಟಿದ್ದ ಆ ಜನರೇ, ಲೆಕ್ಕಕ್ಕೆ ಸೇರದ ಸಾವು ಈ ಚರಿತ್ರೆಯಲ್ಲಿ ಹೊಸದಲ್ಲವೆಂಬುದಕ್ಕೆ ಸಾಕ್ಷಿ.

ಇಪ್ಪತ್ತನೆಯ ಶತಮಾನದಲ್ಲಿ ಉಷ್ಣವನ್ನು ಗೆಲ್ಲುವ ಸಾಧನ ಮನುಷ್ಯನ ಕೈಗೆ ಬಂದಿತು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಮುದ್ರಣಾಲಯವೊಂದಕ್ಕಾಗಿ ಹವಾನಿಯಂತ್ರಣದ ವ್ಯವಸ್ಥೆಯನ್ನು ರೂಪಿಸಿದನು. ಅಮೆರಿಕದ ಪ್ರಥಮ ಹವಾನಿಯಂತ್ರಿತ ಬಹುಮಹಡಿ ಕಚೇರಿಯಾದ ಮೈಲಮ್ ಕಟ್ಟಡ 1928ರಲ್ಲಿ ಎದ್ದುನಿಂತದ್ದು ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೊ ನಗರದಲ್ಲಿ. ಚಾವಣಿ ಹೊದಿಸಿ ತಂಪುಗೊಳಿಸಿದ ಬೃಹತ್ ಕ್ರೀಡಾಂಗಣ 1965ರಲ್ಲಿ ತೆರೆದದ್ದು ಅದೇ ರಾಜ್ಯದ ಹ್ಯೂಸ್ಟನ್ನಿನಲ್ಲಿ. ಆದರೆ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಕೈದಿಗಳ ಸಂಖ್ಯೆ ಹಲವು ಪಟ್ಟು ಹೆಚ್ಚಿ, ಹತ್ತಾರು ಹೊಸ ಸೆರೆಮನೆಗಳು ತ್ವರಿತವಾಗಿ ನಿರ್ಮಾಣವಾದಾಗ, ಬಹುತೇಕ ಕಟ್ಟಡಗಳಲ್ಲಿ ವಾಸದ ಭಾಗಕ್ಕೆ ಈ ಸೌಕರ್ಯವನ್ನು ಒದಗಿಸಲಿಲ್ಲ. ವಿಚಾರಣೆಗೆ ಕಾದಿರುವವರನ್ನಿಡುವ ಕೌಂಟಿ ಜೈಲುಗಳಲ್ಲಿ ಉಷ್ಣಮಾನ 65ರಿಂದ 85 ಡಿಗ್ರಿ ಫ್ಯಾರನ್‌ಹೀಟಿನೊಳಗೆ ಇರತಕ್ಕದ್ದೆಂದು ಅದೇ ರಾಜ್ಯದ ನಿಯಮವಿದೆ. ಅಲ್ಲಿಂದ ರಾಜ್ಯದ ಕಾರಾಗೃಹಕ್ಕೆ ಸಾಗಿದೊಡನೆ ಆ ನಿಯಮ ಅವನಿಗೆ ಅನ್ವಯಿಸುವುದಿಲ್ಲ. 2013ರಲ್ಲಿ ಕಾರಾಗೃಹ ಇಲಾಖೆ ತನ್ನ ಹಂದಿಗಳಿಗಾಗಿ ಉಷ್ಣಮಾನ ನಿಯಂತ್ರಿಸುವ ಗೂಡುಗಳನ್ನು ಸುಮಾರು 7,50,000 ಡಾಲರುಗಳಿಗೆ ಕೊಂಡಾಗ, ಕೈದಿಗಳೊಡನೆ ಕಾವಲುಗಾರರ ಸಂಘವೂ ಆಕ್ಷೇಪವೆತ್ತಿತು. ಕಾವಲುಗಾರರೂ ಅದೇ ಕಾವಿನಲ್ಲಿ ದುಡಿಯುವವರೆಂಬುದನ್ನು ನಾವು ಮರೆಯಬಾರದು.

ಇನ್ನು ವೈದ್ಯಕೀಯ ಅಂಶ. ಮನುಷ್ಯದೇಹ ತನ್ನನ್ನು ತಂಪುಮಾಡಿಕೊಳ್ಳುವುದು ಮುಖ್ಯವಾಗಿ ಬೆವರು ಆರುವುದರಿಂದ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ. ಗಾಳಿಯ ಉಷ್ಣ ಚರ್ಮದ ಉಷ್ಣಕ್ಕಿಂತ ಮೇಲೇರಿದರೆ ಬೀಸಣಿಗೆ ತರುವುದು ಬಿಸಿಗಾಳಿಯನ್ನೇ. ದೇಹದ ಒಳಗಿನ ಉಷ್ಣ 40 ಡಿಗ್ರಿ ಸೆಂಟಿಗ್ರೇಡನ್ನು ದಾಟಿ ಮಿದುಳಿನ ಕೆಲಸ ಕೆಟ್ಟಾಗ ಅದು ಉಷ್ಣಾಘಾತ. ಕೂಡಲೇ ತಂಪುಮಾಡದಿದ್ದರೆ ಪ್ರಾಣಕ್ಕೇ ಅಪಾಯ. ವೃದ್ಧರು, ಹೃದ್ರೋಗಿಗಳು, ಮಧುಮೇಹಿಗಳು ಬೇಗ ಇದಕ್ಕೆ ತುತ್ತಾಗುತ್ತಾರೆ. ಮನೋರೋಗಕ್ಕೆ ಕೊಡುವ ಕೆಲವು ಔಷಧಿಗಳು ಬೆವರುವಿಕೆಯನ್ನೇ ಕುಂದಿಸುತ್ತವೆ. ರಕ್ತದೊತ್ತಡದ ಕೆಲವು ಮಾತ್ರೆಗಳು ದೇಹದ ನೀರನ್ನು ಕಡಮೆಮಾಡುತ್ತವೆ. ಸೆರೆಮನೆಗಳಲ್ಲಿ ಇಂಥ ರೋಗಿಗಳ ಪ್ರಮಾಣ ಹೊರಗಿಗಿಂತ ಹೆಚ್ಚು. ಹೀಗೆ ಒಂದು ಕೈಯಿಂದ ಇಲಾಖೆ ಕೊಡುವ ಮದ್ದು, ಅದೇ ಇಲಾಖೆಯ ಕಟ್ಟಡದಲ್ಲಿ ಅಪಾಯಕ್ಕೆ ಕಾರಣವಾಗುತ್ತದೆ.

ಪರಿಹಾರದ ದಾರಿ ನ್ಯಾಯಾಲಯಗಳ ಮೂಲಕ ತೆರೆಯಿತು. ‘ಕ್ರೂರವೂ ಅಸಾಧಾರಣವೂ’ ಆದ ಶಿಕ್ಷೆಯನ್ನು ಅಮೆರಿಕದ ಸಂವಿಧಾನದ ಎಂಟನೆಯ ತಿದ್ದುಪಡಿ 1791ರಲ್ಲಿಯೇ ನಿಷೇಧಿಸಿತ್ತು. ಟೆಕ್ಸಸ್ಸಿನ ಕೈದಿಯೊಬ್ಬನ ಮೊಕದ್ದಮೆಯಲ್ಲಿಯೇ 1976ರಲ್ಲಿ ಸರ್ವೋಚ್ಚ ನ್ಯಾಯಾಲಯ, ಕೈದಿಯ ಗಂಭೀರವಾದ ವೈದ್ಯಕೀಯ ಅಗತ್ಯವನ್ನು ಬುದ್ಧಿಪೂರ್ವಕವಾಗಿ ಉಪೇಕ್ಷಿಸುವುದೂ ಅಂಥ ಶಿಕ್ಷೆಯೇ ಎಂದು ಸಾರಿತು. ಮಿಸಿಸಿಪ್ಪಿಯ ಮರಣದಂಡಿತರ ವಿಭಾಗಕ್ಕೆ ಸಂಬಂಧಿಸಿದಂತೆ 2004ರಲ್ಲಿ ಐದನೆಯ ಸಂಚಾರಿ ಮೇಲ್ಮನವಿ ನ್ಯಾಯಾಲಯ ಈ ತತ್ತ್ವವನ್ನು ಉಷ್ಣಕ್ಕೂ ಅನ್ವಯಿಸಿ, ಬೀಸಣಿಗೆ, ಮಂಜಿನ ನೀರು, ಸ್ನಾನಗಳನ್ನು ಒದಗಿಸಬೇಕೆಂಬ ಆಜ್ಞೆಯನ್ನು ಎತ್ತಿಹಿಡಿಯಿತು.

2014ರಲ್ಲಿ ನವಸೋಟ ಪಟ್ಟಣದ ಬಳಿಯ ಪ್ಯಾಕ್ ಸೆರೆಮನೆಯ ಕೈದಿಗಳು ಮೊಕದ್ದಮೆ ಹೂಡಿದರು. ಅವರಲ್ಲಿ ಅನೇಕರು ವೃದ್ಧರು, ರೋಗಿಗಳು. ಸೆಕೆಗೆ ಹೆಚ್ಚು ನೀರು ಕುಡಿಯಿರೆಂಬುದು ಇಲಾಖೆಯ ಸಲಹೆಯಾಗಿತ್ತು. ಆ ನೀರಿನಲ್ಲಿಯೇ ಆರ್ಸೆನಿಕ್ ವಿಷ ಮಿತಿಮೀರಿ ಬೆರೆತಿತ್ತೆಂಬುದು ವಿಚಾರಣೆಯಲ್ಲಿ ಹೊರಬಿದ್ದು, ಶುದ್ಧ ನೀರನ್ನು ಒದಗಿಸಬೇಕೆಂದು 2016ರಲ್ಲಿ ನ್ಯಾಯಾಧೀಶ ಕೀತ್ ಎಲ್ಲಿಸನ್ ಆಜ್ಞಾಪಿಸಿದರು. 2017ರ ಜುಲೈ ತಿಂಗಳಲ್ಲಿ ಅವರು, ಉಷ್ಣವನ್ನು ತಾಳಲಾರದ ಕೈದಿಗಳನ್ನು ಉಷ್ಣ ಸೂಚ್ಯಂಕ 88 ಡಿಗ್ರಿ ಫ್ಯಾರನ್‌ಹೀಟನ್ನು ಮೀರದ ಸ್ಥಳದಲ್ಲಿಡತಕ್ಕದ್ದೆಂದು ಆದೇಶವಿತ್ತರು. 2018ರಲ್ಲಿ ರಾಜಿಯಾಗಿ ಆ ಸೆರೆಮನೆಗೆ ಹವಾನಿಯಂತ್ರಣ ಬಂದಿತು. ವೆಚ್ಚ 2 ಕೋಟಿ ಡಾಲರಿಗೂ ಮೀರುವುದೆಂದು ಮೊದಲು ಹೇಳಿದ್ದ ಕಾರ್ಯ ಅದರ ಒಂದು ಸಣ್ಣ ಅಂಶದಲ್ಲಿ ಮುಗಿಯಿತು.

ಈಗ ಪ್ರಾರಂಭದ ಪ್ರಶ್ನೆಗೆ ಹಿಂದಿರುಗೋಣ. ಸತ್ತವರೆಷ್ಟು? 1998ರಿಂದೀಚೆಗೆ ಕನಿಷ್ಠ 23 ಮಂದಿ ಉಷ್ಣಾಘಾತದಿಂದ ಮಡಿದರೆಂದು 2017ರ ಆದೇಶದಲ್ಲಿದೆ. 2022ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಸಂಶೋಧನೆಯಾದರೋ, 2001ರಿಂದ 2019ರವರೆಗೆ ಹವಾನಿಯಂತ್ರಣವಿಲ್ಲದ ಟೆಕ್ಸಸ್ ಸೆರೆಮನೆಗಳಲ್ಲಿ ಸುಮಾರು 271 ಮರಣಗಳಿಗೆ ಅತ್ಯುಷ್ಣ ಕಾರಣವಾಗಿರಬಹುದೆಂದು ಅಂದಾಜು ಮಾಡಿತು. ಇದು ಅಲ್ಲಿ ಬೇಸಗೆಯ ತಿಂಗಳುಗಳಲ್ಲಿ ನಡೆದ ಮರಣಗಳಲ್ಲಿ ನೂರಕ್ಕೆ 13ರಷ್ಟು. ಹವಾನಿಯಂತ್ರಣವಿದ್ದ ಸೆರೆಮನೆಗಳಲ್ಲಿ ಉಷ್ಣಕ್ಕೂ ಮರಣಕ್ಕೂ ಅಂಥ ಸಂಬಂಧ ಕಂಡುಬರಲಿಲ್ಲ.

ಈ ಎರಡು ಸಂಖ್ಯೆಗಳಲ್ಲಿ ಒಂದು ಸತ್ಯ, ಇನ್ನೊಂದು ಮಿಥ್ಯವೆಂದು ಭಾವಿಸಲಾಗದು. ಎರಡೂ ಬೇರೆ ಬೇರೆ ಆಧಾರಗಳಿಂದ ಹುಟ್ಟಿದವು. ಮರಣಪತ್ರವನ್ನು ಬರೆಯುವ ವೈದ್ಯನು ಮೃತನ ದೇಹದ ಉಷ್ಣವನ್ನು ಒಡನೆಯೇ ಅಳೆದಿದ್ದರೆ ‘ಉಷ್ಣಾಘಾತ’ವೆಂದು ಬರೆದಾನು, ಅಳೆಯದಿದ್ದರೆ, ಮೊದಲೇ ಹೃದ್ರೋಗವಿದ್ದವನ ಮರಣ ಹೃದ್ರೋಗದ ಲೆಕ್ಕಕ್ಕೆ ಸೇರುತ್ತದೆ. ಹಾಗೆ ಬರೆದುದು ಸುಳ್ಳಲ್ಲ. ಆದರೆ ಆ ದುರ್ಬಲ ಹೃದಯ ಅದೇ ದಿನ ಏಕೆ ನಿಂತಿತೆಂಬುದಕ್ಕೆ ಅದು ಉತ್ತರ ಕೊಡುವುದಿಲ್ಲ. ಒಬ್ಬೊಬ್ಬನ ಪತ್ರದಲ್ಲಿ ಕಾಣದ ಕಾರಣ, ಸಾವಿರಾರು ಮರಣಗಳನ್ನು ದಿನದಿನದ ಉಷ್ಣಮಾನದೊಡನೆ ಹೋಲಿಸಿ ನೋಡಿದಾಗ ಗೋಚರಿಸುತ್ತದೆ. ದಾಖಲೆಯಲ್ಲಿ ಇಲ್ಲದುದು ನಡೆಯಲೇ ಇಲ್ಲವೆಂದು ಹೇಳುವ ಚರಿತ್ರಕಾರನು, ದಾಖಲೆಯನ್ನು ಯಾರು, ಯಾವ ಉದ್ದೇಶದಿಂದ ಬರೆದರೆಂಬುದನ್ನು ಕೇಳಲು ಮರೆತವನು.

2021, 2023, 2025ರಲ್ಲಿ ಸೆರೆಮನೆಗಳನ್ನು ತಂಪುಗೊಳಿಸುವ ಮಸೂದೆಗಳಿಗೆ ಟೆಕ್ಸಸ್ಸಿನ ಪ್ರತಿನಿಧಿಸಭೆ ಒಪ್ಪಿಗೆಯಿತ್ತಿತು. ಸೆನೆಟ್ಟಿನಲ್ಲಿ ಅವು ಶಾಸನವಾಗದೆ ನಿಂತವು. 2025ರ ಮಾರ್ಚಿಯಲ್ಲಿ ನ್ಯಾಯಾಧೀಶ ರಾಬರ್ಟ್ ಪಿಟ್‌ಮನ್ ಈ ಉಷ್ಣ ಸಂವಿಧಾನಕ್ಕೆ ವಿರುದ್ಧವಾದುದೆಂದು ಅಭಿಪ್ರಾಯಪಟ್ಟರೂ, ತಾತ್ಕಾಲಿಕ ಹವಾನಿಯಂತ್ರಣವನ್ನು ಕೂಡಲೇ ಅಳವಡಿಸಬೇಕೆಂದು ಆಜ್ಞಾಪಿಸಲಿಲ್ಲ. ಆಗ ರಾಜ್ಯದ ಸುಮಾರು 100 ಸೆರೆಮನೆಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟಕ್ಕೆ ಪೂರ್ಣ ಹವಾನಿಯಂತ್ರಣವಿರಲಿಲ್ಲ.

ಕಲ್ಕತ್ತೆಯ ಕೋಣೆಯಲ್ಲಿ ಒಂದು ರಾತ್ರಿ ಮಡಿದವರ ಸಂಖ್ಯೆ ಹೆಚ್ಚಿತು, ಅವರಿಗೆ ಸ್ಮಾರಕವೂ ಎದ್ದಿತು. ಟೆಕ್ಸಸ್ಸಿನಲ್ಲಿ ಹತ್ತೊಂಬತ್ತು ಬೇಸಗೆಗಳಲ್ಲಿ ಒಬ್ಬೊಬ್ಬರಾಗಿ ಮಡಿದವರ ಸಂಖ್ಯೆ ಕುಗ್ಗಿತು. ನ್ಯಾಯಾಲಯಗಳು ಆ ಕೈದಿಗಳಿಗೆ ವಿಧಿಸಿದ್ದು ವರ್ಷಗಳ ಲೆಕ್ಕದ ಸೆರೆವಾಸವನ್ನು; ಉಷ್ಣದಿಂದ ಸಾಯುವ ಶಿಕ್ಷೆಯನ್ನು ಯಾವ ನ್ಯಾಯಾಧೀಶನೂ ಅವರಿಗೆ ವಿಧಿಸಿರಲಿಲ್ಲ. ಮೊದಲನೆಯ ಕಡೆ ಸಂಖ್ಯೆಯನ್ನು ಇಳಿಸುವುದೂ ಎರಡನೆಯ ಕಡೆ ಏರಿಸುವುದೂ ಚರಿತ್ರಕಾರನಿಗೆ ಒಂದೇ ಕರ್ತವ್ಯದ ಎರಡು ಮುಖಗಳು.