ರಾಡನ್‌ಬೆರಿಯ ಆಶಯ ಯಾವ ವರ್ಷದ್ದು?

‘ಸ್ಟಾರ್ ಟ್ರೆಕ್’ ಹೊಸ ರೂಪದಲ್ಲಿ ಬಂದಾಗಲೆಲ್ಲ ಒಂದು ದೂರು ಕೇಳಿಬರುತ್ತದೆ: ಮೂಲಕರ್ತೃ ಜೀನ್ ರಾಡನ್‌ಬೆರಿಯವರ ಆಶಯಕ್ಕೆ ಇದು ದ್ರೋಹ. ಜೆ. ಜೆ. ಏಬ್ರಮ್ಸ್ 2009ರಲ್ಲಿ ಸಿನಿಮಾ ಮಾಡಿದಾಗಲೂ ಹೀಗೆಂದರು, 2017ರಲ್ಲಿ ‘ಡಿಸ್ಕವರಿ’ ಸರಣಿ ಶುರುವಾದಾಗಲೂ ಹೀಗೆಂದರು. ಆ ಆಶಯ ಏನೆಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ. ಮುಂದಿನ ಶತಮಾನಗಳ ಮನುಷ್ಯರಿಗೆ ದುಡ್ಡಿನ ಹಂಗಿಲ್ಲ, ಯುದ್ಧದ ಚಪಲವಿಲ್ಲ, ಒಂದೇ ನೌಕೆಯಲ್ಲಿ ದುಡಿಯುವವರ ನಡುವೆ ಜಗಳವಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಇದನ್ನು ಯಾರು, ಯಾವಾಗ, ಎಲ್ಲಿ ಬರೆದಿಟ್ಟರು? ಅದನ್ನು ಹುಡುಕಿಕೊಂಡು ಹೋದದ್ದರ ಕಥೆ ಇದು.

ದಾಖಲೆಗಳಿಗೇನೂ ಬರವಿಲ್ಲ. ಮೊದಲ ಸರಣಿಯ ಚಿತ್ರಕಥೆ, ಪತ್ರ, ಒಳಟಿಪ್ಪಣಿಗಳ ದೊಡ್ಡ ಸಂಗ್ರಹ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಗ್ರಂಥಾಲಯದಲ್ಲಿದೆ. ಅದರ ಎಷ್ಟೋ ಕಾಗದಗಳು ಆಮೇಲಿನ ಪುಸ್ತಕಗಳಲ್ಲಿ ಅಚ್ಚಾಗಿವೆ. ಸರಣಿ ಇನ್ನೂ ಪ್ರಸಾರವಾಗುತ್ತಿದ್ದಾಗಲೇ, 1968ರಲ್ಲಿ, ಅದರ ತಯಾರಿಕೆಯ ಬಗ್ಗೆ ಒಂದು ಪುಸ್ತಕ ಬಂತು. 1994ರಲ್ಲಿ ಎರಡು ಜೀವನಚರಿತ್ರೆಗಳು ಬಂದವು. ಒಂದು ಮನೆಯವರ ಒಪ್ಪಿಗೆ ಪಡೆದದ್ದು, ಇನ್ನೊಂದು ಯಾರ ಮುಲಾಜಿಗೂ ಬೀಳದೆ ಬರೆದದ್ದು. 1996ರಲ್ಲಿ ಡೆಸಿಲು ಸ್ಟುಡಿಯೋದ ಹರ್ಬರ್ಟ್ ಸೊಲೊ ಮತ್ತು ನಿರ್ಮಾಣದ ಹೊಣೆ ಹೊತ್ತಿದ್ದ ರಾಬರ್ಟ್ ಜಸ್ಟ್‌ಮನ್ ಸೇರಿ ತಮ್ಮ ಕಡೆಯ ಕಥೆ ಹೇಳಿದರು. ಇನ್ನೊಂದು ದಾರಿಯೂ ಇದೆ. ರಾಡನ್‌ಬೆರಿ ‘ಲಿಂಕನ್ ಎಂಟರ್‌ಪ್ರೈಸಸ್’ ಎಂಬ ಅಂಚೆ ವ್ಯಾಪಾರ ನಡೆಸಿ ಚಿತ್ರಕಥೆಗಳ ಪ್ರತಿಗಳನ್ನು ಅಭಿಮಾನಿಗಳಿಗೆ ಮಾರುತ್ತಿದ್ದುದರಿಂದ ಮೂಲ ಬರಹಗಳು ಊರೂರಿಗೆ ಚದುರಿವೆ. ನಾನು ಮಾಡಿದ್ದಿಷ್ಟೆ: ಸಂದರ್ಶನಗಳಲ್ಲಿ, ಭಾಷಣಗಳಲ್ಲಿ ಹೇಳಿದ ನೆನಪುಗಳನ್ನು ಒಂದು ಕಡೆ ಇಟ್ಟು, ತಾರೀಖು ಬಿದ್ದ ಕಾಗದಗಳನ್ನು ಇನ್ನೊಂದು ಕಡೆ ಸಾಲಾಗಿ ಜೋಡಿಸಿದೆ. ಎರಡೂ ಕಡೆಯವು ಒಬ್ಬನೇ ಮನುಷ್ಯನ ಮಾತುಗಳೆಂದು ನಂಬುವುದು ಕಷ್ಟವಾಯಿತು.

ಸಾಲಿನ ಮೊದಲ ಕಾಗದದ ತಾರೀಖು 1964ರ ಮಾರ್ಚ್ 11. ಟಿವಿ ಕಂಪನಿಗಳ ಮುಂದಿಡಲು ಸಿದ್ಧಪಡಿಸಿದ 16 ಪುಟಗಳ ಪ್ರಸ್ತಾವ ಅದು. ನೌಕೆಯ ಹೆಸರು ಎಂಟರ್‌ಪ್ರೈಸ್ ಅಲ್ಲ, ಯಾರ್ಕ್‌ಟೌನ್. ಕ್ಯಾಪ್ಟನ್ ಕರ್ಕ್ ಇನ್ನೂ ಹುಟ್ಟಿಲ್ಲ. ಇರುವವನು ರಾಬರ್ಟ್ ಏಪ್ರಿಲ್. ಸ್ಪಾಕ್ ಇದ್ದಾನೆ, ಆದರೆ ಬಹುಶಃ ಅರ್ಧ ಮಂಗಳ ಗ್ರಹದವನು, ಮೈಬಣ್ಣ ಕೆಂಪು. ಇಡೀ ಯೋಜನೆಯನ್ನು ಖರೀದಿದಾರರಿಗೆ ಮನದಟ್ಟು ಮಾಡಿಸಲು ರಾಡನ್‌ಬೆರಿ ಆಗ ಜನಪ್ರಿಯವಾಗಿದ್ದ ‘ವ್ಯಾಗನ್ ಟ್ರೇನ್’ ಎಂಬ ಕೌಬಾಯ್ ಸರಣಿಯನ್ನು ನೆನಪಿಸುತ್ತಾರೆ: ಅದೇ ಕಥೆ, ಕುದುರೆ ಗಾಡಿಗಳ ಬದಲು ನಕ್ಷತ್ರಗಳ ನಡುವೆ. ಬೇರೆ ಗ್ರಹಗಳು ಭೂಮಿಯ ಹಾಗೇ ಇರುತ್ತವೆ ಎಂಬ ಕಲ್ಪನೆಗೂ ಅಲ್ಲಿ ಹಣಕಾಸಿನ ನೆಪ ಸಿಗುತ್ತದೆ. ಸ್ಟುಡಿಯೋದಲ್ಲಿ ಈಗಾಗಲೇ ಇರುವ ಬೀದಿ, ಮನೆ, ಉಡುಪುಗಳನ್ನೇ ಬಳಸಿ ಖರ್ಚು ಉಳಿಸಬಹುದಲ್ಲ! ಗೂಂಡಾ ನಾಯಕ ಅಲ್ ಕಪೋನ್ ಗೆದ್ದು ದೇಶವಾಳುವ ಒಂದು ಲೋಕವೂ ಕಥೆಗಳ ಪಟ್ಟಿಯಲ್ಲಿದೆ. ಗ್ರಹಗಳ ಒಕ್ಕೂಟದ ಹೆಸರಿಲ್ಲ, ದುಡ್ಡಿಲ್ಲದ ಸಮಾಜದ ಸುಳಿವಿಲ್ಲ. ಇದು ಕಸುಬು ಬಲ್ಲ ಟಿವಿ ಬರಹಗಾರನ ವ್ಯಾಪಾರಿ ಕಾಗದ, ಅದರಲ್ಲಿ ಅವಮಾನವೇನಿಲ್ಲ. ದರ್ಶನವನ್ನು ಹುಡುಕುವವರಿಗೆ ಮಾತ್ರ ಇಲ್ಲಿ ಅಷ್ಟೇನೂ ಸಿಗುವುದಿಲ್ಲ.

ಒಂದು ವಿಷಯದಲ್ಲಿ ಅವರಿಗೆ ಪೂರ್ತಿ ಅಂಕ ಕೊಡಬೇಕು. ನೌಕೆಯ ಎರಡನೇ ಅಧಿಕಾರಿ ಆ ಕಾಗದದಲ್ಲಿ ಹೆಂಗಸು. ‘ದಿ ಕೇಜ್’ ಎಂಬ ಮೊದಲ ಮಾದರಿ ಕಂತನ್ನು ಎನ್‌ಬಿಸಿ ವಾಹಿನಿ ನಿರಾಕರಿಸಿದ ಮೇಲೆ ಆ ಪಾತ್ರ ಮಾಯವಾಯಿತು. ಹೆಂಗಸು ಅಧಿಕಾರ ನಡೆಸುವುದನ್ನು ವಾಹಿನಿ ಸಹಿಸಲಿಲ್ಲ ಎಂಬುದು ರಾಡನ್‌ಬೆರಿ ಮುಂದೆ ಊರೆಲ್ಲ ಹೇಳಿದ ಕಥೆ. ಸೊಲೊ ಮತ್ತು ಜಸ್ಟ್‌ಮನ್ ಪ್ರಕಾರ ವಾಹಿನಿಯ ತಕರಾರು ಇದ್ದದ್ದು ಪಾತ್ರದ ಬಗ್ಗೆ ಅಲ್ಲ, ಅದಕ್ಕೆ ನಿರ್ಮಾಪಕರು ತಮ್ಮ ಗೆಳತಿಯನ್ನೇ ಆರಿಸಿದ್ದರ ಬಗ್ಗೆ. ಕರಿಯರಿಗೂ ಇತರ ಜನಾಂಗದವರಿಗೂ ಪಾತ್ರ ಕೊಡಿ ಎಂದು ವಾಹಿನಿಯೇ 1966ರಲ್ಲಿ ತನ್ನ ನಿರ್ಮಾಪಕರಿಗೆ ಬರೆದ ಪತ್ರವೂ ಸಿಗುತ್ತದೆ. ರಷ್ಯನ್ ಪಾತ್ರ ಚೆಕೊವ್‌ನದು ಇನ್ನೂ ಸ್ವಾರಸ್ಯದ ಸಂಗತಿ. ಸೋವಿಯತ್ ಪತ್ರಿಕೆ ‘ಪ್ರಾವ್ದಾ’ ತಮ್ಮವರು ಯಾರೂ ಇಲ್ಲವೆಂದು ದೂರಿದ್ದರಿಂದ ಅವನನ್ನು ಸೇರಿಸಿದೆವು ಎಂಬ ಕಥೆ ದಶಕಗಳ ಕಾಲ ಓಡಾಡಿತು. ಆ ಲೇಖನವನ್ನು ನಾನು ಓದಿದ ಯಾರೂ ಮುಂದೆ ತಂದು ತೋರಿಸಿಲ್ಲ. ಕಾಗದಗಳಲ್ಲಿರುವುದು ಬೇರೆ: ‘ದಿ ಮಂಕೀಸ್’ ತಂಡದ ಹಾಡುಗಾರರಂತೆ ಹುಡುಗಿಯರಿಗೆ ಹಿಡಿಸುವ ಎಳೆಯ ಮುಖವೊಂದು ಬೇಕು ಎಂಬ ಟಿಪ್ಪಣಿ, ಮತ್ತು ನಮ್ಮ ಸರಣಿಗೆ ರಷ್ಯನ್ನನೊಬ್ಬ ಬಂದಿದ್ದಾನೆ ಎಂದು 1967ರ ಅಕ್ಟೋಬರಿನಲ್ಲಿ ಪ್ರಾವ್ದಾದ ಸಂಪಾದಕರಿಗೆ ರಾಡನ್‌ಬೆರಿಯೇ ಬರೆದ ಪತ್ರ.

ಹಾಗಾದರೆ ನಾವು ಮೆಚ್ಚಿದ ಆ ಮಾನವೀಯತೆ ಎಲ್ಲಿಂದ ಬಂತು? ಇದಕ್ಕೆ ಕಂತುಗಳನ್ನೇ ಪ್ರಸಾರದ ತಾರೀಖಿನ ಕ್ರಮದಲ್ಲಿ ನೋಡಬೇಕು. 1966ರ ಸೆಪ್ಟೆಂಬರ್ 8ರಂದು ಪ್ರಸಾರವಾದ ಮೊದಲ ಕಂತು ‘ದಿ ಮ್ಯಾನ್ ಟ್ರ್ಯಾಪ್’. ಮನುಷ್ಯರ ಮೈಯ ಉಪ್ಪು ಹೀರುವ ಒಂದು ಜೀವಿ ಅದರಲ್ಲಿದೆ. ತನ್ನ ಕುಲದ ಕೊನೆಯದು. ಅದನ್ನು ಕೊಲ್ಲುತ್ತಾರೆ, ಕ್ಯಾಪ್ಟನ್ ಸ್ವಲ್ಪ ಬೇಸರಪಡುತ್ತಾನೆ, ನೌಕೆ ಮುಂದೆ ಹೋಗುತ್ತದೆ. ಆರು ತಿಂಗಳ ನಂತರದ ‘ದಿ ಡೆವಿಲ್ ಇನ್ ದಿ ಡಾರ್ಕ್’ನಲ್ಲಿ ಗಣಿ ಕಾರ್ಮಿಕರನ್ನು ಸುಟ್ಟು ಕೊಲ್ಲುವ ಬಂಡೆಯಂಥ ಪ್ರಾಣಿಯೊಂದಿದೆ. ಅದು ತನ್ನ ಮೊಟ್ಟೆಗಳನ್ನು ಕಾಯುತ್ತಿರುವ ತಾಯಿ, ಒಡೆದು ಹಾಳು ಮಾಡುತ್ತಿದ್ದವರು ಮನುಷ್ಯರೇ ಎಂದು ಗೊತ್ತಾಗುತ್ತದೆ. ಕೊನೆಗೆ ಎರಡೂ ಕಡೆಯವರು ರಾಜಿಯಾಗಿ ಒಟ್ಟಿಗೆ ಗಣಿ ನಡೆಸುತ್ತಾರೆ. ಈ ಎರಡು ಕಂತುಗಳ ನಡುವೆ ಏನಾಯಿತು?

ಜೀನ್ ಕೂನ್ ಬಂದರು. ಮೊದಲ ವರ್ಷದ ನಡುವೆ ದಿನನಿತ್ಯದ ನಿರ್ಮಾಣದ ಹೊಣೆ ಹೊತ್ತ ಈ ಬರಹಗಾರ ಭಯಂಕರ ವೇಗದಲ್ಲಿ ಬರೆಯುತ್ತಿದ್ದರಂತೆ. ‘ಡೆವಿಲ್’ ಅವರದೇ. ಸೋತು ಬಿದ್ದ ಹಲ್ಲಿಮುಖದ ಶತ್ರುವನ್ನು ಕರ್ಕ್ ಕೊಲ್ಲದೆ ಬಿಡುವ ‘ಅರೀನಾ’ದ ಚಿತ್ರಕಥೆಯೂ ಅವರದು, ಒಕ್ಕೂಟದ ಹೆಸರು ಮೊದಲು ಕೇಳುವುದು ಅದರಲ್ಲೇ. ಕ್ಲಿಂಗನ್ನರೆಂಬ ಶತ್ರುಗಳನ್ನು ಸೃಷ್ಟಿಸಿದ ‘ಎರಂಡ್ ಆಫ್ ಮರ್ಸಿ’ಯೂ ಅವರದು. ಅದರಲ್ಲಿ ಶಾಂತಿಪ್ರಿಯ ಹಳ್ಳಿಗರಂತೆ ಕಾಣುವವರು ಎರಡು ಮಹಾಶಕ್ತಿಗಳ ಯುದ್ಧವನ್ನೇ ನಿಲ್ಲಿಸಿಬಿಡುತ್ತಾರೆ. ತನ್ನ ಯುದ್ಧದ ಹಕ್ಕು ಕಿತ್ತುಕೊಂಡರೆಂದು ಕೂಗಾಡಿದ ಕರ್ಕ್, ತಾನು ಏನನ್ನು ಸಮರ್ಥಿಸುತ್ತಿದ್ದೇನೆ ಎಂದು ಅರಿವಾಗಿ ನಾಚಿಕೊಳ್ಳುತ್ತಾನೆ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ 1967ರ ಮಾರ್ಚಿನಲ್ಲಿ ಇದು ಅಮೆರಿಕದ ಮನೆಗಳನ್ನು ತಲುಪಿತು. ಬೇರೆ ನಾಗರಿಕತೆಗಳ ಬದುಕಿನಲ್ಲಿ ಕೈಹಾಕಬಾರದೆಂಬ ಪ್ರಸಿದ್ಧ ನಿಯಮವನ್ನೂ ಜೊತೆಯಲ್ಲಿದ್ದವರು ಕೂನ್ ಲೆಕ್ಕಕ್ಕೆ ಬರೆಯುತ್ತಾರೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು, ಆ ನಿಯಮ ಮೊದಲು ಕೇಳಿಸುವ ಕಂತಿನ ಕಥೆ ರಾಡನ್‌ಬೆರಿಯದು. ಸ್ಪಾಕ್‌ನ ತಂದೆತಾಯಿಯನ್ನು ಕೊಟ್ಟವರು ಡೊರೊತಿ ಫಾಂಟಾನಾ, ಅವನ ಮದುವೆಯ ಪದ್ಧತಿಯನ್ನು ಕೊಟ್ಟವರು ಥಿಯೊಡರ್ ಸ್ಟರ್ಜನ್, ಬೆರಳುಗಳನ್ನು ಇಬ್ಭಾಗಿಸುವ ನಮಸ್ಕಾರವನ್ನು ತಾನು ಬಾಲ್ಯದಲ್ಲಿ ಕಂಡ ಯಹೂದಿ ಪುರೋಹಿತರ ಆಶೀರ್ವಾದದಿಂದ ತಂದವರು ನಟ ಲೆನರ್ಡ್ ನಿಮಾಯ್.

ನಮ್ಮ ಕಡೆಯ ಓದುಗರಿಗೆ ‘ಸ್ಪೇಸ್ ಸೀಡ್’ ಕಂತಿನ ಕರಡುಗಳು ವಿಶೇಷ ರುಚಿ ಕೊಡಬಹುದು. ಖಾನ್ ನೂನಿಯನ್ ಸಿಂಗ್ ಎಂಬ ಖಳನಾಯಕ ತೆರೆಯ ಮೇಲೆ ಭಾರತದ ಸಿಖ್ಖನಿರಬಹುದು ಎಂದು ಹೇಳಿಸಿಕೊಳ್ಳುತ್ತಾನೆ. ಪಾತ್ರ ಮಾಡಿದವರು ಮೆಕ್ಸಿಕೋದ ರಿಕಾರ್ಡೊ ಮೊಂಟಲ್ಬಾನ್. 2013ರ ಸಿನಿಮಾದಲ್ಲಿ ಬಿಳಿಯ ಇಂಗ್ಲಿಷ್ ನಟ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಆ ಪಾತ್ರ ಮಾಡಿದಾಗ ಮೂಲಕ್ಕೆ ಅಪಚಾರವಾಯಿತೆಂದು ಗದ್ದಲವೆದ್ದಿತು. ಕ್ಯಾರಿ ವಿಲ್ಬರ್ ಬರೆದ ಮೊದಲ ಕರಡಿನಲ್ಲಿ ಆ ಮನುಷ್ಯನ ಹೆಸರು ಹೆರಾಲ್ಡ್ ಎರಿಕ್ಸನ್, ಉತ್ತರ ಯುರೋಪಿನ ಕಡೆಯವನು! ನಟ ಗೊತ್ತಾದ ಮೇಲೆ ಹೆಸರು ಬದಲಾಯಿತು, ಊರು ಬದಲಾಯಿತು. ಚಿತ್ರಕಥೆಗಳ ತಪ್ಪು ಹುಡುಕಲೆಂದೇ ನೇಮಿಸಿದ್ದ ಡಿ ಫಾರೆಸ್ಟ್ ಸಂಸ್ಥೆ ಸಿಖ್ಖನಿಗೆ ಈ ಹೆಸರು ಒಗ್ಗುವುದಿಲ್ಲ ಎಂದು ತಕರಾರೆತ್ತಿತು. ಹಾಗೆಂದು 2013ರ ಆಯ್ಕೆಯನ್ನು ನಾನು ಒಪ್ಪುವುದಿಲ್ಲ. ಭಾರತೀಯನ ಪಾತ್ರಕ್ಕೆ ಭಾರತೀಯ ನಟನನ್ನು ಹುಡುಕುವುದು ಆ ಹೊತ್ತಿಗೆ ಕಷ್ಟದ ಕೆಲಸವೇನಾಗಿರಲಿಲ್ಲ. ಅದು ತಪ್ಪೆನ್ನಲು ಈ ಕಾರಣವೇ ಸಾಕು, ಮೂಲದ ಆಣೆ ಬೇಕಿಲ್ಲ.

ಜಗಳವಿಲ್ಲದ ನೌಕೆ, ದುಡ್ಡಿಲ್ಲದ ಜಗತ್ತು ಮೊದಲ ಸರಣಿಯ 79 ಕಂತುಗಳಲ್ಲಿ ಎಲ್ಲೂ ಕಾಣುವುದಿಲ್ಲ. ವೈದ್ಯ ಮೆಕಾಯ್ ಮತ್ತು ಸ್ಪಾಕ್ ಬಡಿದಾಡದ ವಾರವೇ ಇಲ್ಲ; ಸರಣಿ ಉಸಿರಾಡುತ್ತಿದ್ದುದೇ ಆ ಜಗಳದಲ್ಲಿ. ‘ದಿ ಆಪಲ್’ ಕಂತಿನಲ್ಲಿ ನಿನ್ನ ಮೇಲೆ ಎಷ್ಟು ಹಣ ಸುರಿದಿದ್ದಾರೆ ಗೊತ್ತೇ ಎಂದು ಕರ್ಕ್ ಗದರಿಸಿದರೆ ಸ್ಪಾಕ್ ಲೆಕ್ಕ ಒಪ್ಪಿಸಲು ಶುರುಮಾಡುತ್ತಾನೆ. ‘ಟ್ರಿಬಲ್ಸ್’ ಕಂತಿನಲ್ಲಿ ಮುದ್ದು ಪ್ರಾಣಿಗಳ ಚೌಕಾಸಿ ವ್ಯಾಪಾರವೇ ನಡೆಯುತ್ತದೆ. ನಮ್ಮ ಕಾಲದಲ್ಲಿ ದುಡ್ಡಿಲ್ಲ ಎಂದು ಕರ್ಕ್ ಹೇಳುವುದನ್ನು ನಾನು ಮೊದಲು ಕಂಡದ್ದು 1986ರ ನಾಲ್ಕನೇ ಸಿನಿಮಾದಲ್ಲಿ. ಅಷ್ಟು ಹೊತ್ತಿಗೆ ರಾಡನ್‌ಬೆರಿ ಬರೀ ಸಲಹೆಗಾರರಾಗಿದ್ದರು, ಅವರ ಸಲಹೆಯನ್ನು ತೆಗೆದುಕೊಳ್ಳುವವರೂ ಕಡಿಮೆ. 1979ರ ಮೊದಲ ಸಿನಿಮಾ ವಿಪರೀತ ಖರ್ಚು ಮಾಡಿಸಿದ್ದರಿಂದ ಪ್ಯಾರಾಮೌಂಟ್ ಅವರನ್ನು ಪಕ್ಕಕ್ಕೆ ಸರಿಸಿ, ಎರಡನೆಯದನ್ನು ಹಾರ್ವ್ ಬೆನೆಟ್ ಕೈಗೆ ಕೊಟ್ಟಿತ್ತು. ಬೆನೆಟ್ ಹಳೆಯ ಕಂತುಗಳನ್ನೆಲ್ಲ ಕೂತು ನೋಡಿ, ಅವುಗಳಲ್ಲಿ ಖಾನ್‌ನನ್ನು ಆರಿಸಿಕೊಂಡರು. ಇದೆಲ್ಲ ಮಿಲಿಟರಿ ವಾಸನೆ ಹೊಡೆಯುತ್ತದೆ, ಸ್ಪಾಕ್ ಸಾಯಬಾರದು ಎಂದು ರಾಡನ್‌ಬೆರಿ ವಿರೋಧಿಸಿದರು. ಕರ್ತೃವಿನ ಮಾತು ಮೀರಿ ತಯಾರಾದ ಆ 1982ರ ಸಿನಿಮಾವೇ ಎಲ್ಲಕ್ಕಿಂತ ಒಳ್ಳೆಯದೆಂದು ಇಂದಿಗೂ ಬಹುಪಾಲು ಅಭಿಮಾನಿಗಳು ಹೇಳುತ್ತಾರೆ, ನನ್ನ ಮತವೂ ಅದಕ್ಕೇ.

ದೂರುಗಾರರು ಹೇಳುವ ಆಶಯ ಒಂದು ಕಡೆ ಕೊನೆಗೂ ಬರಹದಲ್ಲಿ ಸಿಗುತ್ತದೆ: 1987ರಲ್ಲಿ ‘ದಿ ನೆಕ್ಸ್ಟ್ ಜನರೇಷನ್’ ಶುರುವಾದಾಗ ಬರಹಗಾರರಿಗೆ ಹಾಕಿದ ಕಟ್ಟಳೆಗಳಲ್ಲಿ. ನಡುವಿನ ವರ್ಷಗಳಲ್ಲಿ ರಾಡನ್‌ಬೆರಿ ಕಾಲೇಜುಗಳಲ್ಲಿ, ಅಭಿಮಾನಿಗಳ ಸಮಾವೇಶಗಳಲ್ಲಿ ಭಾಷಣ ಮಾಡುತ್ತ ತಿರುಗಿದ್ದರು. ನಿಮ್ಮ ಸರಣಿ ನಮಗೆ ಭವಿಷ್ಯದ ಭರವಸೆ ಕೊಟ್ಟಿತು ಎಂದು ಸಾವಿರಾರು ಜನ ಹೇಳುವುದನ್ನು ಕೇಳಿ ಕೇಳಿ ಟಿವಿ ನಿರ್ಮಾಪಕರೊಬ್ಬರು ದಾರ್ಶನಿಕರಾಗಿ ಮಾರ್ಪಟ್ಟರು ಎಂದು ನನ್ನ ಊಹೆ. ಸುಳ್ಳು ವೇಷವೆಂದು ನಾನು ಹೇಳುತ್ತಿಲ್ಲ. ಅವರು ಅದನ್ನು ಮನಸಾರೆ ನಂಬಿದ್ದಂತೆ ಕಾಣುತ್ತದೆ. ಆದರೆ ಇದು ಮೂಲ ಆಶಯವಲ್ಲ, ತಮ್ಮದೇ ಕೃತಿಯನ್ನು ಅವರು ಹೊಸದಾಗಿ ಕಟ್ಟಿದ ರೀತಿ. ಹಳೆಯ ಜೊತೆಗಾರರಾದ ಫಾಂಟಾನಾ, ಡೇವಿಡ್ ಗೆರಾಲ್ಡ್ ಆರಂಭದಲ್ಲೇ ಮುನಿಸಿಕೊಂಡು ಹೊರನಡೆದರು.

ಈ ಕಟ್ಟಳೆಗಳಿಂದ ಕೆಟ್ಟದ್ದೇ ಆಯಿತೆಂದೂ ಹೇಳುವಂತಿಲ್ಲ. 1989ರಲ್ಲಿ ರೊನಾಲ್ಡ್ ಮೂರ್ ಎಂಬ ಹೊಸ ಹುಡುಗ ‘ದಿ ಬಾಂಡಿಂಗ್’ ಎಂಬ ಚಿತ್ರಕಥೆ ತಂದರು. ತಾಯಿ ಸತ್ತ ಬಾಲಕ ದುಃಖದಲ್ಲಿ ಅವಳ ರೂಪವನ್ನು ತಾನೇ ಸೃಷ್ಟಿಸಿಕೊಳ್ಳುವ ಕಥೆ. ಇಪ್ಪತ್ತನಾಲ್ಕನೇ ಶತಮಾನದ ಮಕ್ಕಳು ಸಾವಿಗೆ ಅಳುವುದಿಲ್ಲ, ಅದನ್ನು ಬದುಕಿನ ಭಾಗವೆಂದು ಒಪ್ಪುತ್ತಾರೆ ಎಂದು ರಾಡನ್‌ಬೆರಿ ತಡೆದರು. ಬರಹಗಾರರಿಗೆ ತಲೆ ಕೆಟ್ಟುಹೋಯಿತು. ಮೈಕೆಲ್ ಪಿಲ್ಲರ್ ಆಗಷ್ಟೇ ಬರಹಗಾರರ ತಂಡದ ಮುಖ್ಯಸ್ಥರಾಗಿದ್ದರು. ಅವರು ಆ ತಡೆಯನ್ನೇ ಕಥೆಯೊಳಕ್ಕೆ ಎಳೆದುಕೊಂಡರು: ಹುಡುಗ ಅಳುವುದಿಲ್ಲ, ಅದೇ ಅವನ ತೊಂದರೆ; ಅನ್ಯಲೋಕದ ಜೀವಿಯೊಂದು ಅವನ ತಾಯಿಯ ರೂಪದಲ್ಲಿ ಬಂದು ಕರೆಯುತ್ತದೆ; ತನ್ನ ದುಃಖವನ್ನೂ ಸಿಟ್ಟನ್ನೂ ಹೊರಹಾಕಿದ ಮೇಲೆಯೇ ಅವನು ಅವಳನ್ನು ಬಿಟ್ಟುಕೊಡಬಲ್ಲ. ಮೂಲಕ್ಕಿಂತ ಒಳ್ಳೆಯ ಕಥೆ ಹುಟ್ಟಿತು. ‘ರಾಡನ್‌ಬೆರಿಯ ಪೆಟ್ಟಿಗೆ’ ಎಂದು ಇತರರು ಗೊಣಗುತ್ತಿದ್ದ ಕಟ್ಟುಪಾಡು ತನಗೆ ಹಿಡಿಸಿತ್ತು ಎಂದು ಪಿಲ್ಲರ್ ಮುಂದೆ ಹೇಳಿಕೊಂಡಿದ್ದಾರೆ. ಪೆಟ್ಟಿಗೆಯೊಳಗೆ ಕೂತು ಅದರ ಗೋಡೆಗಳೊಂದಿಗೆ ಹೀಗೆ ವಾದಿಸುವುದನ್ನು ನಾನು ಗೌರವ ಎನ್ನುತ್ತೇನೆ.

ಇದೇ ಅಳತೆಯಲ್ಲಿ ಹೊಸದನ್ನು ನೋಡಿ. 2009ರ ಸಿನಿಮಾ ಕರ್ಕ್, ಸ್ಪಾಕ್, ಮೆಕಾಯ್‌ರ ಜಗಳವನ್ನೂ ಗೆಳೆತನವನ್ನೂ ಚೆನ್ನಾಗಿ ಹಿಡಿದಿದೆ, ಅದಕ್ಕೆ ಚಪ್ಪಾಳೆ. ಆದರೆ ಶತ್ರುವನ್ನು ಅರ್ಥ ಮಾಡಿಕೊಳ್ಳುವ ಒಂದು ಕ್ಷಣವೂ ಅದರಲ್ಲಿ ಉಳಿಯುವುದಿಲ್ಲ; ಕೂನ್ ಇದ್ದಿದ್ದರೆ ಆ ಖಳನಿಗೆ ಇನ್ನೂ ಹತ್ತು ನಿಮಿಷ ಕೊಡುತ್ತಿದ್ದರು. ‘ಡಿಸ್ಕವರಿ’ ತಯಾರಕರು ಜಗಳ ಕೂಡದೆಂಬ 1987ರ ನಿಯಮವನ್ನು ಬಿಡುತ್ತೇವೆ ಎಂದು ಮೊದಲೇ ಸಾರಿದರು. ಅದು ದ್ರೋಹವಲ್ಲ, 1966ಕ್ಕೆ ಮರಳಿದ್ದಷ್ಟೆ. 2022ರ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಇನ್ನೂ ಹಿಂದೆ ಹೋಗಿದೆ. ವಾಹಿನಿ ತಿರಸ್ಕರಿಸಿದ ಮೊದಲ ಮಾದರಿ ಕಂತಿನ ಕ್ಯಾಪ್ಟನ್ ಪೈಕ್, ಆ ಮಹಿಳಾ ಅಧಿಕಾರಿ ಅಲ್ಲಿ ಮುಖ್ಯ ಪಾತ್ರಗಳು. ರಾಬರ್ಟ್ ಏಪ್ರಿಲ್ ಕೂಡ ಹಿರಿಯ ಅಧಿಕಾರಿಯಾಗಿ ಬಂದುಹೋಗುತ್ತಾನೆ.

ನನ್ನ ತೀರ್ಮಾನ ಇಷ್ಟು. ಹೊಸದಾಗಿ ಮಾಡುವವರು ಗೌರವಿಸಬೇಕಾದದ್ದು ಕೃತಿಯನ್ನು, ಕರ್ತೃ ಆಮೇಲೆ ಹೊರಡಿಸಿದ ಅಪ್ಪಣೆಗಳನ್ನಲ್ಲ. ಕೃತಿಯನ್ನು ಗೌರವಿಸಬೇಕಾದರೆ ಅದನ್ನು ಯಾರು ಯಾರು ಮಾಡಿದರು ಎಂಬ ಲೆಕ್ಕ ಸರಿಯಿರಬೇಕು. ರಾಡನ್‌ಬೆರಿಯ ಹೆಸರು ಪ್ರತಿ ಸರಣಿಯ ಜೊತೆಗೂ ತೆರೆಯ ಮೇಲೆ ಬರುತ್ತದೆ, ಬರಲೇಬೇಕು. ಜೀನ್ ಕೂನ್ 1973ರ ಜುಲೈನಲ್ಲಿ, ತಮ್ಮ 49ನೇ ವಯಸ್ಸಿನಲ್ಲಿ ತೀರಿಕೊಂಡರು. ಅಭಿಮಾನಿಗಳ ದೊಡ್ಡ ಸಮಾವೇಶಗಳು ಆಗಿನ್ನೂ ಕಣ್ಣುಬಿಡುತ್ತಿದ್ದವು. ಕ್ಲಿಂಗನ್ನರು ಬರುವ ಕಡೆಯಲ್ಲಾದರೂ ಅವರ ಹೆಸರನ್ನು ಹಾಕಬೇಕು.