ನಸುಗುನ್ನಿಯಿಂದ ಗುಳಿಗೆಯವರೆಗೆ: ಕಂಪವಾತದ ಮದ್ದಿನ ಅಳತೆ

ಸಂಡೂರಿನ ಬೆಟ್ಟಗಳಂಥ ಕುರುಚಲು ಕಾಡುಗಳಲ್ಲಿ ಓಡಾಡುವವರಿಗೆ ನಸುಗುನ್ನಿ ಬಳ್ಳಿ ಪರಿಚಿತ. ಕಾಯಿಯ ಮೇಲಿನ ರೋಮ ತಾಗಿದರೆ ತಡೆಯಲಾರದ ತುರಿಕೆ. ಆಯುರ್ವೇದದಲ್ಲಿ ಇದಕ್ಕೆ ಕಪಿಕಚ್ಛು, ಆತ್ಮಗುಪ್ತಾ ಎಂಬ ಹೆಸರುಗಳಿವೆ.

1937ರಲ್ಲಿ ಎಂ. ದಾಮೋದರನ್ ಮತ್ತು ಆರ್. ರಾಮಸ್ವಾಮಿ ಮದರಾಸಿನಲ್ಲಿ ಈ ಬೀಜದಿಂದ ಲೆವೊಡೋಪಾವನ್ನು ಬೇರ್ಪಡಿಸಿದರು. ಆಗ ಹೊಸಪೇಟೆ, ಹಂಪಿ, ಕಂಪ್ಲಿಗಳು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಸಂಡೂರು ಪ್ರತ್ಯೇಕ ಸಂಸ್ಥಾನವಾಗಿತ್ತು. ಈ ವಸ್ತುವಿಗೂ 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ನಡುಕದ ರೋಗಕ್ಕೂ ಇರುವ ನಂಟು ಆಗಿನ್ನೂ ತಿಳಿದಿರಲಿಲ್ಲ.

ರೋಗಿಗಳ ಮಿದುಳಿನಲ್ಲಿ ಡೋಪಮೀನ್ ಕೊರತೆ ಇರುವುದನ್ನು 1960ರಲ್ಲಿ ಹಾರ್ನಿಕೀವಿಚ್ ಮತ್ತು ಎಹ್ರಿಂಗರ್ ತೋರಿಸಿದರು. ಡೋಪಮೀನ್ ರಕ್ತದಿಂದ ಮಿದುಳಿಗೆ ದಾಟದು. ಅದರ ಪೂರ್ವವಸ್ತುವಾದ ಲೆವೊಡೋಪಾ ದಾಟುತ್ತದೆ. 1967ರಲ್ಲಿ ಕೋಟ್ಜಿಯಾಸ್ ಡೋಪಾವನ್ನು ದಿನಕ್ಕೆ ಹಲವು ಗ್ರಾಂಗಳಷ್ಟು ನೀಡಿ ಗುಣ ಕಂಡರು. ಅಷ್ಟೊಂದು ಏಕೆ? ಬಹುಪಾಲು ಮಿದುಳನ್ನು ತಲುಪುವ ಮೊದಲೇ ಡೋಪಮೀನ್ ಆಗಿಬಿಡುತ್ತಿತ್ತು. ಇದನ್ನು ತಡೆಯುವ ಕಾರ್ಬಿಡೋಪಾ ಜೊತೆಗೂಡಿದಾಗ ಪ್ರಮಾಣ ಸುಮಾರು ಐದನೇ ಒಂದಕ್ಕೆ ಇಳಿಯಿತು.

ಮುಂದೆ ಔಷಧಿಗಳು ಹೆಚ್ಚಿದಂತೆ ಹೋಲಿಕೆಗೆ ಒಂದು ಸಮಾನ ಮಾನ ಬೇಕಾಯಿತು. 2010ರಲ್ಲಿ ಟಾಮ್ಲಿನ್ಸನ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಒಂದು ಪಟ್ಟಿ ಕೊಟ್ಟರು. ಅದರಂತೆ ಕಾರ್ಬಿಡೋಪಾ ಸಹಿತವಾದ 100 ಮಿ.ಗ್ರಾಂ ಲೆವೊಡೋಪಾಕ್ಕೆ 1 ಮಿ.ಗ್ರಾಂ ಪ್ರಮಿಪೆಕ್ಸೋಲ್ ಅಥವಾ 5 ಮಿ.ಗ್ರಾಂ ರೊಪಿನಿರೋಲ್ ಸಮ. ಎಂಟಕಪೋನ್ ಸೇರಿದರೆ ಲೆವೊಡೋಪಾದ ಲೆಕ್ಕಕ್ಕೆ ಮೂರನೇ ಒಂದು ಭಾಗ ಕೂಡುತ್ತದೆ. ಹೀಗೆ 400 ಮಿ.ಗ್ರಾಂ ಲೆವೊಡೋಪಾ ಮತ್ತು 1.5 ಮಿ.ಗ್ರಾಂ ಪ್ರಮಿಪೆಕ್ಸೋಲ್ ಸೇವಿಸುವವರ ಒಟ್ಟು ಮೊತ್ತ 550. ಇದು ವೈದ್ಯರಿಗೆ, ಸಂಶೋಧಕರಿಗೆ ದಾರಿತೋರುವ ಅಂದಾಜು. ಮನೆಯಲ್ಲಿ ಗುಳಿಗೆ ಬದಲಿಸುವ ಸೂತ್ರವಲ್ಲ.

ನಸುಗುನ್ನಿಯೂ ಈ ತಕ್ಕಡಿಗೆ ಬಂದಿದೆ. 2004ರಲ್ಲಿ ಪ್ರಕಟವಾದ ಲಂಡನ್ನಿನ ಪ್ರಯೋಗದಲ್ಲಿ 8 ರೋಗಿಗಳಿಗೆ ಸುಮಾರು 1000 ಮಿ.ಗ್ರಾಂ ಲೆವೊಡೋಪಾ ಇರುವ 30 ಗ್ರಾಂ ಬೀಜದ ತಯಾರಿಕೆಯನ್ನೂ, ಇನ್ನೊಮ್ಮೆ 200 ಮಿ.ಗ್ರಾಂ ಲೆವೊಡೋಪಾ ಹಾಗೂ 50 ಮಿ.ಗ್ರಾಂ ಕಾರ್ಬಿಡೋಪಾವನ್ನೂ ಕೊಟ್ಟರು. ಬೀಜದ ಪರಿಣಾಮ ಬೇಗ ತೋರಿತು, ಹೆಚ್ಚು ಹೊತ್ತು ನಿಂತಿತು. ಇಲ್ಲಿಯೂ ಅದೇ ಐದರ ಅನುಪಾತ!

ಅಪಾಯ ಅಡಗಿರುವುದೂ ಇಲ್ಲಿಯೇ. ಗುಳಿಗೆ ನುಂಗುತ್ತಿರುವವರು ಚೂರ್ಣವನ್ನೂ ತಿಂದರೆ, ಗುಳಿಗೆಯ ಕಾರ್ಬಿಡೋಪಾ ಚೂರ್ಣದ ಲೆವೊಡೋಪಾವನ್ನೂ ಕಾಪಾಡುತ್ತದೆ. ಆಗ ಐದರಿಂದ ಭಾಗಿಸುವ ಲೆಕ್ಕ ನಡೆಯದು. ಅನೈಚ್ಛಿಕ ಚಲನೆ, ಭ್ರಮೆ, ರಕ್ತದೊತ್ತಡದ ಕುಸಿತ ಕಾಣಿಸಬಹುದು. ಬೀಜದಿಂದ ಬೀಜಕ್ಕೆ ಲೆವೊಡೋಪಾದ ಅಂಶವೂ ಬೇರೆ. ಗುಳಿಗೆಯನ್ನು ತಟ್ಟನೆ ನಿಲ್ಲಿಸುವುದಂತೂ ಪ್ರಾಣಕ್ಕೇ ಎರವಾಗಬಹುದು. ಆದ್ದರಿಂದ ಚೂರ್ಣ ಸೇವಿಸುತ್ತಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬಾರದು.