ಕುಡಿತ ಬಿಡಬೇಕೆನ್ನುವವರಿಗೆ: ನೀಲಗಿರಿಯಲ್ಲಿ ಎಲ್ಲಿ ಕೇಳಬೇಕು, ಯಾರನ್ನು ಕಾಣಬೇಕು



ಟಾಸ್ಮಾಕ್ ಅಂಗಡಿಗೆ ಖಾಲಿ ಬಾಟಲಿ ಹಿಂತಿರುಗಿಸಿದರೆ 10 ರೂಪಾಯಿ ವಾಪಸು ಕೊಡುವ ಏರ್ಪಾಡು 2022ರಲ್ಲಿ ನಮ್ಮ ನೀಲಗಿರಿಯಲ್ಲೇ ಮೊದಲು ಜಾರಿಗೆ ಬಂತು. ಬಾಟಲಿ ಎಲ್ಲಿ ಕೊಡಬೇಕೆಂದು ಎಲ್ಲರಿಗೂ ಗೊತ್ತು. ಕುಡಿತವನ್ನೇ ಬಿಡಬೇಕಾದರೆ ಎಲ್ಲಿಗೆ ಹೋಗಬೇಕೆಂದು ಸಂಘಕ್ಕೆ ಬಂದು ಕೇಳುವವರು ಮಾತ್ರ ದನಿ ತಗ್ಗಿಸಿ ಕೇಳುತ್ತಾರೆ. ಬಹಳ ಸಲ ಕೇಳುವವರು ಕುಡಿಯುವವರಲ್ಲ, ಅವರ ಹೆಂಡತಿ ಅಥವಾ ತಾಯಿ. ಅಂಥವರ ಉಪಯೋಗಕ್ಕಾಗಿ ನಮಗೆ ತಿಳಿದ ಮಾಹಿತಿಯನ್ನು ಒಂದೇ ಕಡೆ ಕೊಡುತ್ತಿದ್ದೇವೆ.

ಮುಖ್ಯವಾಗಿ ತಿಳಿಯಬೇಕಾದದ್ದು ಇಷ್ಟು: ಕುಡಿತ ನಿಲ್ಲಿಸುವುದು ಕೆಲವು ದಿನಗಳ ಕೆಲಸ, ಅದಕ್ಕೆ ಡಾಕ್ಟರು ಬೇಕು. ನಿಲ್ಲಿಸಿದ್ದನ್ನು ಉಳಿಸಿಕೊಳ್ಳುವುದು ವರ್ಷಗಳ ಕೆಲಸ, ಅದಕ್ಕೆ ಜೊತೆಗಾರರು ಬೇಕು. ಎರಡನ್ನೂ ಒಟ್ಟಿಗೆ ವಿಚಾರಿಸಿ.

1. ಮೊದಲು ಡಾಕ್ಟರು

ದಿನವೂ ಹೆಚ್ಚು ಕುಡಿಯುವವರು ದಿಢೀರೆಂದು ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ರೆಗೇಡು ಶುರುವಾಗುತ್ತದೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಇಲ್ಲದ್ದು ಕಾಣುವುದು, ಮನೆಯವರ ಗುರುತೇ ತಪ್ಪುವುದು ಉಂಟು. ಇದು ಜೀವಕ್ಕೆ ಅಪಾಯ. ತಡಮಾಡದೆ 108ಕ್ಕೆ ಫೋನ್ ಮಾಡಿ. ಆದ್ದರಿಂದ ಆಣೆ ಮಾಡಿಸಿ ಕೋಣೆಯಲ್ಲಿ ಕೂಡಿಹಾಕುವುದು ಬೇಡ. ಊಟಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ವಿಚಾರಿಸಿ. ಗೂಡಲೂರು, ಮಸಿನಗುಡಿ ಕಡೆಯವರು ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಯ ಡಾಕ್ಟರು ಯಾವ ದಿನ ಎಲ್ಲಿ ಸಿಗುತ್ತಾರೆ ಎಂದು ಕೇಳಿ.

ಗಂಡನಿಗೆ ತಿಳಿಯದಂತೆ ಸಾರಿನಲ್ಲೋ ಕಾಫಿಯಲ್ಲೋ ಮಾತ್ರೆ ಬೆರೆಸಿ ಕೊಡುವವರಿದ್ದಾರೆ. ಡೈಸಲ್ಫಿರಾಂ ಎಂಬ ಆ ಮಾತ್ರೆ ತೆಗೆದುಕೊಂಡವರು ಕುಡಿದರೆ ಎದೆ ಬಡಿತ ಏರಿ, ರಕ್ತದೊತ್ತಡ ಕುಸಿದು, ಪ್ರಾಣಕ್ಕೇ ಸಂಚಕಾರ ಬರಬಹುದು. ಡಾಕ್ಟರು ಹೇಳದೆ, ರೋಗಿಗೆ ತಿಳಿಸದೆ ಅದನ್ನು ಕೊಡಲೇಬಾರದು.

2. ಮನೆಯಿಂದಲೇ ಫೋನ್

14416 ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಸೇವೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಉಚಿತ. ಭಾಷೆ ಆರಿಸುವಾಗ ಕನ್ನಡವೂ ಇದೆ.

14446 ಮಾದಕ ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ. ಇದೂ ಉಚಿತ. ಹತ್ತಿರದ ಕೇಂದ್ರ ಯಾವುದು ಎಂದು ಕೇಳಿ, ವಿಳಾಸ ಬರೆದುಕೊಳ್ಳಿ.

3. ಜೊತೆಗಾರರ ಗುಂಪು

ಇದರಲ್ಲಿ ಹಳೆಯದು ಆಲ್ಕೊಹಾಲಿಕ್ಸ್ ಅನಾನಿಮಸ್, ಜನ ಎ.ಎ. ಎನ್ನುತ್ತಾರೆ. 1935ರಲ್ಲಿ ಅಮೆರಿಕದಲ್ಲಿ ಕುಡಿತದಿಂದ ಬಳಲಿದ್ದ ಇಬ್ಬರು ಒಬ್ಬರಿಗೊಬ್ಬರು ಆಸರೆಯಾಗಿ ಶುರುಮಾಡಿದ್ದು. ಶುಲ್ಕವಿಲ್ಲ, ಅರ್ಜಿಯಿಲ್ಲ. ಕುಡಿತ ಬಿಡಬೇಕೆಂಬ ಮನಸ್ಸೊಂದೇ ಅರ್ಹತೆ. ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದೆಂಬುದು ಕಟ್ಟಳೆ. ಸಭೆ ನಡೆಯುವ ದಿನ, ಜಾಗ ಬದಲಾಗುತ್ತಿರುತ್ತದೆ. ಆದ್ದರಿಂದ ಎ.ಎ. ಇಂಡಿಯಾದ ವೆಬ್‌ಸೈಟಿನಲ್ಲಿ ಊರಿನ ಹೆಸರು ಹಾಕಿ ನೋಡಿ, ಹೊರಡುವ ಮುಂಚೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಕೇಳಬೇಕಾದ ಪ್ರಶ್ನೆಗಳು ಮೂರು: ಯಾವ ಭಾಷೆಯಲ್ಲಿ ನಡೆಯುತ್ತದೆ? ಮನೆಯವರೂ ಬರಬಹುದಾದ ತೆರೆದ ಸಭೆಯೇ? ಆನ್‌ಲೈನ್ ಸಭೆ ಇದೆಯೇ? ಪರಿಚಯದವರ ಕಣ್ಣಿಗೆ ಬೀಳಲು ಅಂಜುವವರು ಮೊಬೈಲಿನಲ್ಲಿ ಕನ್ನಡ ಸಭೆಗೆ ಸೇರಲು ಸಾಧ್ಯವೇ ಎಂದು ಬೆಂಗಳೂರಿನ ಗುಂಪುಗಳನ್ನು ವಿಚಾರಿಸಬಹುದು.

ಹೆಂಡತಿ, ಮಕ್ಕಳು, ತಂದೆತಾಯಿಗೆ ಅಲ್-ಅನಾನ್ ಎಂಬ ಬೇರೆ ಗುಂಪುಗಳಿವೆ. ಕುಡಿಯುವವರು ಬಿಡಲಿ, ಬಿಡದಿರಲಿ, ಮನೆಯವರು ಹೋಗಬಹುದು.

4. ಗಡಿಯಾಚೆ, ಕರ್ನಾಟಕದಲ್ಲಿ

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಿನಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿಸಿದವರು ಒಟ್ಟು ಸೇರುವ ನವಜೀವನ ಸಮಿತಿಗಳೂ ಇವೆ. ಗುಂಡ್ಲುಪೇಟೆ, ಮೈಸೂರಿನಲ್ಲಿ ನೆಂಟರಿದ್ದವರು ಮುಂದಿನ ಶಿಬಿರ ಎಲ್ಲಿ ಎಂದು ಯೋಜನೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿಸಬಹುದು. ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸ್ವಂತ ವಾಹನ ಬಿಡುವುದಿಲ್ಲ. ಸಂಜೆ ಸಭೆಗೆ ಹೋಗುವವರು ಅಲ್ಲೇ ಉಳಿಯುವ ಏರ್ಪಾಡು ಮಾಡಿಕೊಳ್ಳಿ.

5. ಖಾಸಗಿ ಕೇಂದ್ರಕ್ಕೆ ಸೇರಿಸುವ ಮುಂಚೆ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲಿ ಮದ್ಯವ್ಯಸನಿಗಳ ಚಿಕಿತ್ಸೆಯೂ ಸೇರಿದೆ. ಕೇಂದ್ರಕ್ಕೆ ರಾಜ್ಯ ಪ್ರಾಧಿಕಾರದ ನೋಂದಣಿ ಇದೆಯೇ, ಮನೋವೈದ್ಯರು ಬರುತ್ತಾರೆಯೇ, ಮನೆಯವರು ಭೇಟಿ ಮಾಡಬಹುದೇ, ಒಟ್ಟು ಖರ್ಚೆಷ್ಟು ಎಂದು ಕೇಳಿ. ನೋಂದಣಿ ಪತ್ರ ತೋರಿಸದ ಕಡೆ ಹಣ ಕಟ್ಟಬೇಡಿ. ಹೊಡೆದು ಬಡಿದು ಬಿಡಿಸುತ್ತೇವೆನ್ನುವವರ ಹತ್ತಿರ ಹೋಗಲೇಬೇಡಿ.

ಕೊನೆಯ ಮಾತು

ಬಿಟ್ಟವರು ಮತ್ತೆ ಕುಡಿದರೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲಬೇಡಿ. ಈ ಕಾಯಿಲೆಯಲ್ಲಿ ಅದು ಆಗುವುದುಂಟು. ಬೈಯುತ್ತಾ ಕೂರುವುದಕ್ಕಿಂತ ಮಾರನೆಯ ದಿನವೇ ಡಾಕ್ಟರಿಗೂ ಗುಂಪಿಗೂ ತಿಳಿಸುವುದು ಮೇಲು. ಮದುವೆ, ಹಬ್ಬದ ಮನೆಗಳಲ್ಲಿ ಬಿಟ್ಟವರಿಗೆ "ಒಂದೇ ಒಂದು" ಎಂದು ಯಾರೂ ಒತ್ತಾಯ ಮಾಡಬಾರದೆಂದು ಎಲ್ಲ ಸದಸ್ಯರಲ್ಲೂ ಕೇಳಿಕೊಳ್ಳುತ್ತೇವೆ.

ಫೋನ್ ಮಾಡಲು, ವೆಬ್‌ಸೈಟ್ ನೋಡಲು ಬಾರದವರು ಸಂಘದ ಕಚೇರಿಗೆ ಬನ್ನಿ. ನಾವೇ ಫೋನ್ ಮಾಡಿ ವಿವರ ಬರೆದುಕೊಡುತ್ತೇವೆ. ನಿಮ್ಮ ಹೆಸರನ್ನು ಯಾವ ಪುಸ್ತಕದಲ್ಲೂ ಬರೆದಿಡುವುದಿಲ್ಲ.

ಇಂತಿ,
ಕಾರ್ಯದರ್ಶಿ